ಶಾರದೆಗೆ ಉಡಿಸಿದ ಧಾರೆ ಸೀರೆ

ಏಳನೇ ಕ್ಲಾಸಿನಲ್ಲಿ ನಾನು ಶಾರದೆಯಾಗಿದ್ದೆ. ಒಂದೇ ಒಂದು ಮಧ್ಯಾಹ್ನ. ಅದು ಮುಗಿದ ಮೇಲೆ ನಾನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ವಿದ್ಯೆಯ ದೇವತೆಯ ವೇಷ ಹಾಕಿಸಿ ವಿದ್ಯೆಯನ್ನೇ ಬಿಡಿಸಿದರು ಎಂದು ನಾನು ಆಗಾಗ ನಗುತ್ತಾ ಹೇಳುವುದುಂಟು. ಕೇಳಿದವರೂ ನಗುತ್ತಾರೆ. ನನಗೆ ಮಾತ್ರ ಹೇಳಿದಾಗಲೆಲ್ಲ ಸಿಟ್ಟು ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ನಮ್ಮೂರು ಮಾಯಸಂದ್ರದಿಂದ ಮೂರು ಮೈಲಿ ಒಳಗೆ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ಊರಿನ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು, ಹೈಸ್ಕೂಲು ಬೇಕೆಂದರೆ ಮಾಯಸಂದ್ರಕ್ಕೆ ನಡೆಯಬೇಕು. ನಡೆಯುತ್ತಿದ್ದವರೆಲ್ಲ ಗಂಡುಹುಡುಗರು. ನಮ್ಮೂರಿನ ಒಂದು ಹೆಣ್ಣೂ ಅಲ್ಲಿಯವರೆಗೆ ಆ ದಾರಿ ಹಿಡಿದಿರಲಿಲ್ಲ. ನನಗೆ ಆ ಆಸೆ ಹಚ್ಚಿದವರು ನಮ್ಮ ಟೀಚರಮ್ಮ. ತುಮಕೂರಿನ ಕಡೆಯವರು, ಶಾಲೆಯ ಪಕ್ಕದ ಒಂದು ಕೋಣೆಯಲ್ಲಿ ಒಬ್ಬರೇ ಬಾಡಿಗೆಗೆ ಇದ್ದರು. ಒಂದು ದಿನ ನನ್ನ ಗಣಿತದ ನೋಟ್ಸು ಹಿಡಿದುಕೊಂಡು ಸೀದಾ ನಮ್ಮ ಜಗುಲಿಗೆ ಬಂದು, "ಇವಳನ್ನ ಏಳಕ್ಕೇ ನಿಲ್ಲಿಸಿದ್ರೆ ನಿಮಗೆ ಪಾಪ ತಟ್ಟುತ್ತೆ" ಎಂದು ಅಪ್ಪನ ಮುಖದ ಎದುರಿಗೇ ಅಂದುಬಿಟ್ಟರು. ಅಪ್ಪ ತಲೆ ಕೆರೆದುಕೊಂಡು, "ಪಾಸಾಗ್ಲಿ ಬುಡಿ, ಕಳಿಸನ" ಎಂದ.

ಆದರೆ ನಮ್ಮ ಮನೆಯಲ್ಲಿ ಕೊನೆಯ ಮಾತು ಅಪ್ಪನದಲ್ಲ, ಅಪ್ಪನ ಅವ್ವನದು. ಅಜ್ಜಿ ಅಡಿಕೆಲೆ ಜಗಿಯುತ್ತಾ ಎಲ್ಲ ಕೇಳಿಸಿಕೊಂಡು, ಟೀಚರಮ್ಮ ಹೋದ ಮೇಲೆ ತನ್ನ ಷರತ್ತು ಹೇಳಿತು. "ದೊಡ್ಡೋಳಾಗೋ ಗಂಟ ಎಲ್ಲಿಗಾದ್ರೂ ಹೋಗ್ಲಿ, ನಾನು ಬ್ಯಾಡ ಅನ್ನಕಿಲ್ಲ. ನೆರೆದ ಮ್ಯಾಲೆ ಮಾತ್ರ ಹೊಸ್ಲು ದಾಟ್ಕೂಡ್ದು. ಇಷ್ಟೇಯ."

ನನಗೆ ಹನ್ನೆರಡೂವರೆ. ದೊಡ್ಡಪ್ಪನ ಮಗಳು ಹದಿನಾಲ್ಕು ತುಂಬಿದ ಮೇಲೆ ನೆರೆದದ್ದು, ಹಾಗಾಗಿ ನನಗೂ ಇನ್ನು ಒಂದೂವರೆ ವರ್ಷವಂತೂ ಸಿಗುತ್ತದೆ ಎಂದುಕೊಂಡಿದ್ದೆ. ಅಷ್ಟರೊಳಗೆ ಹೈಸ್ಕೂಲಿಗೆ ಸೇರಿಬಿಟ್ಟರೆ ಆಮೇಲೆ ಟೀಚರಮ್ಮ ಏನಾದರೂ ಮಾಡುತ್ತಾರೆ ಎನ್ನುವುದು ನನ್ನ ಧೈರ್ಯ. ಎಳ್ಳು ಉಷ್ಣ, ತಿಂದರೆ ಹೆಣ್ಣುಮಕ್ಕಳು ಬೇಗ ನೆರೆಯುತ್ತಾರೆ ಎಂದು ಯಾರೋ ಅಂದದ್ದು ಕಿವಿಗೆ ಬಿದ್ದು, ಆ ವರ್ಷ ಸಂಕ್ರಾಂತಿಯಲ್ಲಿ ಊರವರು ಬೀರಿದ ಎಳ್ಳುಬೆಲ್ಲವನ್ನೆಲ್ಲ ತಮ್ಮನ ಬಾಯಿಗೆ ಸುರಿದೆ. ಪರಂಗಿಹಣ್ಣು ಕಂಡರೆ ಮಾರು ದೂರ ಹೋಗುತ್ತಿದ್ದೆ. ಈಗ ನಗು ಬರುತ್ತದೆ. ಆಗ ಅದು ನನಗೆ ವ್ರತವಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಶಾಲೆಯಲ್ಲಿ ಶಾರದಾ ಪೂಜೆ. ಏಳನೇ ಕ್ಲಾಸಿನವರನ್ನು ಬೀಳ್ಕೊಡುವ ಕಾರ್ಯಕ್ರಮವೂ ಅದೇ. ಪಟ ಇಟ್ಟು ಪೂಜೆ ಮಾಡುವುದರ ಜೊತೆಗೆ ಈ ಸಲ ಒಬ್ಬ ಹುಡುಗಿಯನ್ನೇ ಶಾರದೆಯ ಹಾಗೆ ಸಿಂಗರಿಸಿ ವೇದಿಕೆಯ ಮೇಲೆ ಕೂರಿಸೋಣ ಎಂದವರು ಟೀಚರಮ್ಮ. ಆ ಹುಡುಗಿ ನಾನು. ತಹಸೀಲ್ದಾರ ಕಚೇರಿಯ ಯಾರೋ ದೊಡ್ಡವರು ಅತಿಥಿಯಾಗಿ ಬರುತ್ತಾರೆ, ಅವರ ಕೈಯಲ್ಲಿ ನನ್ನ ಹೈಸ್ಕೂಲಿನ ವಿಷಯ ಅಪ್ಪನಿಗೆ ಎಲ್ಲರೆದುರು ಹೇಳಿಸುತ್ತೇನೆ ಎಂದು ಗುಟ್ಟಾಗಿ ಹೇಳಿದ್ದರು. ಅಷ್ಟು ಜನರ ಮುಂದೆ ಹೂಂ ಅಂದವನು ಆಮೇಲೆ ಅಜ್ಜಿಗೆ ಹೆದರಿ ತಿರುಗಿ ಬೀಳುವಂತಿಲ್ಲ. ಟೀಚರಮ್ಮನ ಲೆಕ್ಕಾಚಾರ ಹಾಗಿತ್ತು, ಪಾಪ.

ವೀಣೆಯನ್ನು ಹುಡುಗರು ಮಾಡಿದರು. ತೆಂಗಿನ ಗರಿಯ ದಪ್ಪ ದಿಂಡಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸಣ್ಣ ತಂತಿ ಎಳೆದರು. ಕಿರೀಟಕ್ಕೆ ರಟ್ಟು, ಬಂಗಾರದ ಬಣ್ಣದ ಕಾಗದ. ಬಿಳಿ ಸೀರೆಯೊಂದು ಮನೆಯಿಂದ ತರಬೇಕಿತ್ತು. ಅಂಚಿರುವ ಬಿಳಿ ಸೀರೆ. ನಮ್ಮ ಮನೆಯಲ್ಲಿ ಬಿಳಿ ಉಡುತ್ತಿದ್ದುದು ಅಜ್ಜಿ ಒಬ್ಬಳೇ, ತಾತ ಹೋದಂದಿನಿಂದ, ಅದಕ್ಕೆ ಅಂಚೇ ಇರಲಿಲ್ಲ. ನಾನು ಅಳುಮೋರೆ ಮಾಡಿಕೊಂಡು ಒಲೆಯ ಮುಂದೆ ಕೂತಿದ್ದೆ. ಅವ್ವ ಮುದ್ದೆ ತಿರುವುತ್ತಿದ್ದವಳು ಕೋಲು ಕೆಳಗಿಟ್ಟು, "ನನ್ ಧಾರೆ ಸೀರೆ ಐತಲ್ಲ" ಎಂದಳು.

ನಮ್ಮ ಕಡೆ ಧಾರೆ ಸೀರೆ ಎಂದರೆ ಬಿಳಿಯ ಒಡಲು, ಕೆಂಪಂಚು. ಧಾರೆಯ ಹೊತ್ತಿನಲ್ಲಿ ಉಟ್ಟು ಮಡಿಸಿ ಟ್ರಂಕಿನಲ್ಲಿಟ್ಟರೆ ಆಯಿತು, ಮತ್ತೆ ಅದು ಹೊರಗೆ ಬರುವುದು ಆ ಹೆಂಗಸು ಮಣ್ಣಿಗೆ ಹೋಗುವ ದಿವಸ. ನಡುವೆ ಯಾರೂ ಉಡುವುದಿಲ್ಲ, ಯಾರಿಗೂ ಉಡಿಸುವುದಿಲ್ಲ. ಅಜ್ಜಿ ಎದ್ದು ಕೂಗಾಡಿತು. "ಬುದ್ಧಿಗಿದ್ಧಿ ಐತೇನೇ ನಿಂಗೆ? ಮುತ್ತೈದೆತನದ ಸೀರೆ ಅದು. ನಾಟ್ಕದೋರಿಗೆ ಉಡಿಸ್ತೀಯಾ?"

ಅವ್ವ ಹನ್ನೆರಡು ಹದಿಮೂರು ವರ್ಷದಲ್ಲಿ ಅತ್ತೆಯ ಮಾತಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಮಾತಾಡಿದಳು. ಕೆಳಗಿಟ್ಟ ಮುದ್ದೆ ಕೋಲನ್ನು ಮತ್ತೆ ಕೈಗೆ ತೆಗೆದುಕೊಂಡು, ತಲೆ ಎತ್ತದೆ, "ನನ್ ಸೀರೆ. ನನ್ ಮಗಳು ಉಡ್ತಾಳೆ" ಎಂದಳು. ಅಜ್ಜಿ ಗೊಣಗುತ್ತಾ ಜಗುಲಿಗೆ ಎದ್ದು ಹೋಯಿತು. ನನಗೆ ಆಗ ಆದ ಖುಷಿಯನ್ನು ಹೇಳಲು ಬರುವುದಿಲ್ಲ. ನಮ್ಮವ್ವ ನನ್ನ ಕಡೆ ಎಂದು ಅವತ್ತು ಗೊತ್ತಾಯಿತು. ಇಷ್ಟು ಮಾತಾಡಿದವಳು ಮುಂದೆ ಬೇಕಾದಾಗಲೂ ಮಾತಾಡುತ್ತಾಳೆ ಎಂದು ನಂಬಿದೆ.

ಪೂಜೆಯ ದಿನ ಬೆಳಿಗ್ಗೆ ಅವ್ವ ನನಗೆ ತಲೆಗೆ ನೀರು ಹಾಕಿ ನಡುಮನೆಯಲ್ಲಿ ನಿಲ್ಲಿಸಿಕೊಂಡಳು. ಟ್ರಂಕಿನಿಂದ ಸೀರೆ ತೆಗೆದು ಕೊಡವಿದರೆ ಒಣಗಿದ ಬೇವಿನೆಲೆ ಉದುರಿತು. ದಪ್ಪ ನೂಲಿನ ಸೀರೆ, ಅಂಚು ಮಾತ್ರ ರೇಷ್ಮೆ. ನನ್ನ ಅಳತೆಗೆ ಅದು ಎರಡಾಳು ಉದ್ದ. ಸೊಂಟದ ಹತ್ತಿರ ಅಗಲವನ್ನು ಅರ್ಧಕ್ಕೆ ಮಡಿಸಿ, ಹಳೆಯ ಸೀರೆಯ ಅಂಚು ಹರಿದು ಅದರಿಂದ ಬಿಗಿದು ಕಟ್ಟಿದಳು. "ಉಸಿರು ಕಟ್ತದೆ ಕಣವ್ವ" ಅಂದರೆ, "ಕಟ್ಲಿ ಸುಮ್ನಿರು, ವೇದಿಕೆ ಮ್ಯಾಲೆ ಬಿಚ್ಕೊಂಡ್ರೆ ಮಾನ ಹೋಯ್ತದೆ" ಎಂದು ಬೆನ್ನಿಗೊಂದು ಗುದ್ದಿದಳು. ನೆರಿಗೆ ಹಿಡಿಯುವುದಕ್ಕೆ ಮೂರು ಸಲ ಕೂತಳು, ಮೂರು ಸಲ ಎದ್ದಳು, ಸಮವಾಗಲಿಲ್ಲ ಎಂದು ಮತ್ತೆ ಬಿಚ್ಚಿದಳು. ಜಡೆಗೆ ಚೌರಿ ಸೇರಿಸಿ ಹೆಣೆದು ಕುಚ್ಚು ಕಟ್ಟಿ, ಕನಕಾಂಬರ ಮುಡಿಸಿದಳು. ತನ್ನ ಕೊರಳಿನ ಗುಂಡಿನ ಸರ ಬಿಚ್ಚಿ ನನಗೆ ಹಾಕಿದಳು. ಕೊನೆಗೆ ದೂರ ಹೋಗಿ ನಿಂತು, "ತಿರುಗು... ಹಿಂದ್ಗಡೆ ನೋಡನ... ಈ ಕಡೀಕೆ" ಎಂದು ಸುತ್ತಲೂ ತಿರುಗಿಸಿ ನೋಡಿದಳು.

"ಇದ್ನ ಉಟ್ಟಾಗ ನಂಗೂ ನಿನ್ನಷ್ಟೇ ವಯಸ್ಸು ಕಣೇ. ಒಂದ್ ವರ್ಷ ಹೆಚ್ಗೆ ಇದ್ದೇನು" ಎಂದಳು. ಆಮೇಲೆ ಲಟಿಕೆ ಮುರಿದು ದೃಷ್ಟಿ ತೆಗೆದು, "ಎಲ್ಲೂ ಕೂರಬ್ಯಾಡ ಮಗ, ಕಲೆ ಆದ್ರೆ ನಿಮ್ಮಜ್ಜಿ ನನ್ನ ಜೀವಂತ ತಿಂತದೆ" ಎಂದು ಕಳಿಸಿದಳು. ಅವಳು ಬರಲಿಲ್ಲ. ಅತ್ತೆ ಹೋದ ಕಡೆಗೆ ಸೊಸೆಯೂ ಹೋದರೆ ದನಕರು ನೋಡುವವರು ಯಾರು?

ಅಪ್ಪ ನಮಗಿಂತ ಮುಂಚೆಯೇ ಗಾಡಿಯಲ್ಲಿ ಎಳನೀರು ಹೇರಿಕೊಂಡು ಹೋಗಿದ್ದ. ಅತಿಥಿಗಳಿಗೆ, ಮೇಷ್ಟ್ರುಗಳಿಗೆ ನಮ್ಮ ತೋಟದ್ದೇ ಎಳನೀರು. ಮಗಳು ಶಾರದೆ ಎನ್ನುವ ಹೆಮ್ಮೆ ಅವನಿಗೂ ಇತ್ತು, ಬಿಳಿ ಅಂಗಿ, ಬಿಳಿ ಪಂಚೆ, ಹೊಸ ಟವಲು. ವೇದಿಕೆ ಎಂದರೆ ಬೆಂಚುಗಳನ್ನು ಜೋಡಿಸಿ ಜಮಖಾನ ಹಾಸಿದ್ದು. ಉಳಿದ ಒಂದು ಬೆಂಚನ್ನು ವೇದಿಕೆಯ ಹಿಂದೆ ಹೊಂಗೆಮರದ ನೆರಳಿಗೆ ಎಳೆದುಕೊಂಡು, ಅದರ ಮೇಲೆ ಕಾಯಿ ಇಟ್ಟು ಮಚ್ಚಿನಿಂದ ಕೆತ್ತುತ್ತಿದ್ದ.

ಎರಡು ಗಂಟೆಗೆ ಬರಬೇಕಿದ್ದ ಅತಿಥಿಗಳು ಮೂರಾದರೂ ಪತ್ತೆಯಿಲ್ಲ. ನಾನು ನೆರಿಗೆ ಎತ್ತಿ ಹಿಡಿದುಕೊಂಡು ನಿಂತೇ ಇದ್ದೆ. ಕಿರೀಟದ ರಟ್ಟು ಹಣೆ ಕೊರೆಯುತ್ತಿತ್ತು.

"ಕಾಲು ಬಿದ್ ಹೋಗ್ತವೆ, ಕೂತ್ಕ ಮಗ" ಎಂದ ಅಪ್ಪ.

"ಅವ್ವ ಕೂರ್ಬ್ಯಾಡ ಅಂದೈತೆ."

"ಅವ್ಳೇನು ಬಂದ್ ನೋಡ್ತಾಳಾ? ತಡಿ, ಒರೆಸ್ಕೊಡ್ತೀನಿ." ಕಾಯಿಗಳನ್ನು ಪಕ್ಕಕ್ಕೆ ಸರಿಸಿ, ಹೆಗಲ ಮೇಲಿನ ಹೊಸ ಟವಲಿನಿಂದ ಬೆಂಚನ್ನು ಈ ತುದಿಯಿಂದ ಆ ತುದಿಗೆ ಒರೆಸಿದ. ಕೂತೆ. ತಣ್ಣಗಾಯಿತು. "ಒದ್ದೆ ಐತೆ ಕಣಪ್ಪ" ಎಂದೆ. "ನೀರು ತಾನೆ, ಒಣಗ್ತದೆ" ಎಂದು ನನಗೊಂದು ಎಳನೀರು ಕೊಚ್ಚಿ ಕೊಟ್ಟ.

ತೆಂಗಿನ ಸೀಮೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಎಳನೀರು ಬಟ್ಟೆಗೆ ಆಗಬಾರದು. ಆದ ಹೊತ್ತಿನಲ್ಲಿ ಬರೀ ನೀರು. ಬಣ್ಣವಿಲ್ಲ, ವಾಸನೆಯಿಲ್ಲ. ಒಣಗುತ್ತಾ ಒಣಗುತ್ತಾ ಕಂದು ತಿರುಗುತ್ತದೆ, ಕೆಂಪು ಬೆರೆತ ಕಂದು. ಸಿಪ್ಪೆಯ ರಸ ಇನ್ನೂ ಜೋರು. ಆಮೇಲೆ ಸೋಪು, ಸೌಳುಮಣ್ಣು, ಬಿಸಿಲು, ಯಾವುದಕ್ಕೂ ಅದು ಜಗ್ಗುವುದಿಲ್ಲ. ತೋಟಕ್ಕೆ ಹೋಗುವ ಬಟ್ಟೆಯನ್ನೇ ಬೇರೆ ಇಟ್ಟಿರುತ್ತಾರೆ. ನಮ್ಮಪ್ಪನ ಎಷ್ಟು ಅಂಗಿಗಳ ಮೇಲೆ ಆ ಕಲೆ ಇರಲಿಲ್ಲ! ತೋಟದಲ್ಲಿದ್ದಿದ್ದರೆ ಅವನಿಗೆ ನೆನಪಾಗುತ್ತಿತ್ತು. ಅವತ್ತು ಬಿಳಿ ಬಟ್ಟೆ ಹಾಕಿಕೊಂಡು ಶಾಲೆಯಲ್ಲಿ ನಿಂತ ಸಡಗರದಲ್ಲಿ ಮರೆತ. ನಾನೂ ಮರೆತೆ. ಎಳನೀರು ಕುಡಿದೆ, ಗಂಜಿಯನ್ನು ಸಿಪ್ಪೆಯ ಚಮಚದಲ್ಲಿ ಕೆರೆದುಕೊಂಡು ತಿಂದೆ, ಒಂದು ಗಂಟೆಯ ಮೇಲೆ ಅಲ್ಲೇ ಆರಾಮಾಗಿ ಕೂತಿದ್ದೆ.

ಜೀಪು ಬಂದಾಗ ನಾಲ್ಕೂವರೆ. ವೇದಿಕೆಯ ಮೇಲೆ ಕುರ್ಚಿಯಲ್ಲಿ ವೀಣೆ ಹಿಡಿದು ಕೂತೆ. ಪರದೆ ಸರಿದಾಗ ಜನ ಚಪ್ಪಾಳೆ ಹೊಡೆದರು. ಪ್ರಾರ್ಥನೆಯಾಯಿತು, ಮಂಗಳಾರತಿಯಾಯಿತು, ಅತಿಥಿಗಳು ನನ್ನ ಕೊರಳಿಗೇ ಹಾರ ಹಾಕಿದರು. ಆಮೇಲೆ ಬಹುಮಾನ ಹಂಚುವಾಗ ತಟ್ಟೆಯನ್ನು ಶಾರದೆಯೇ ತಂದುಕೊಡಲಿ ಎಂದರು ಮೇಷ್ಟ್ರು. ಎದ್ದೆ. ಹಿಂದಿನ ಮೇಜಿನ ಮೇಲಿದ್ದ ತಟ್ಟೆ ತೆಗೆದುಕೊಳ್ಳಲು ಜನರಿಗೆ ಬೆನ್ನು ಮಾಡಿದೆ.

ಮೊದಲು ಒಂದು ಗುಜುಗುಜು. ಹೆಂಗಸರು ಕೂತಿದ್ದ ಕಡೆಯಿಂದ. ತಟ್ಟೆ ಹಿಡಿದು ತಿರುಗುವಷ್ಟರಲ್ಲಿ ಅಜ್ಜಿ ವೇದಿಕೆ ಹತ್ತಿ ಬರುತ್ತಿತ್ತು. ಕಣ್ಣು ಮಂಜಾಗಿದ್ದ ಮುದುಕಿಗೆ ಅದು ತಾನಾಗಿ ಕಂಡಿರಲಿಕ್ಕಿಲ್ಲ, ಪಕ್ಕದವಳು ತಿವಿದು ತೋರಿಸಿರಬೇಕು. ಬಂದದ್ದೇ ಯಾರದೋ ಕಂಬಳಿಯನ್ನು ನನ್ನ ಮೇಲೆ ಹೊದಿಸಿ, "ನಮ್ಮಪ್ಪಾ ಶಿವನೇ, ಮಗ ದೊಡ್ಡೋಳಾಗವ್ಳೆ ಕಣ್ರೇ" ಎಂದು ಊರಿಗೆಲ್ಲ ಕೇಳುವಂತೆ ಕೂಗಿತು. ಕೈಯಲ್ಲಿದ್ದ ತಟ್ಟೆ ಬಿತ್ತು, ಪೆನ್ನುಗಳು ಜಮಖಾನದ ಮೇಲೆ ಉರುಳಿದವು. ಅತಿಥಿಗಳು ನೆಲ ನೋಡಿದರು. ಗಂಡುಹುಡುಗರು ಹಲ್ಲು ಕಿರಿದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು, ಅರ್ಥವಾದ ಮೇಲೆ ಬಾಯಿ ಬಡಿದುಕೊಂಡೆ. "ಅಲ್ಲ ಕಣಜ್ಜಿ, ಎಳನೀರು ಕಣಜ್ಜಿ, ಬೆಂಚ್ ಮ್ಯಾಲೆ ಕೂತಿದ್ದೆ!"

"ಎಲ್ಲಾ ಹೆಣ್ಮಕ್ಳೂ ಮೊದ್ಲು ಹಂಗೇ ಅಂತಾವೆ ಬುಡು. ನಾಚ್ಕೆ" ಎಂದಿತು ಅಜ್ಜಿ. ಹೆಂಗಸರು ನಕ್ಕರು, ಪ್ರೀತಿಯಿಂದಲೇ.

ಟೀಚರಮ್ಮ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, "ನಿಜ ಹೇಳು" ಎಂದರು. ಹೇಳಿದೆ. ಅವರು ನನ್ನನ್ನು ನಂಬಿದರು, ಇಲ್ಲ ಎನ್ನುವುದಿಲ್ಲ. ಸೀದಾ ಅಪ್ಪನ ಹತ್ತಿರ ಹೋದರು. ಅವನು ಮಚ್ಚು ಹಿಡಿದುಕೊಂಡು ಹೊಂಗೆಮರದ ಕೆಳಗೇ ನಿಂತಿದ್ದ, ಒರೆಸಿದ ಟವಲು ಹೆಗಲ ಮೇಲೆಯೇ ಇತ್ತು. "ನೀವೇ ಕೂರಿಸಿದ್ರಂತಲ್ಲ ಈ ಬೆಂಚಿನ ಮೇಲೆ? ಒಂದು ಮಾತು ಹೇಳಿ ಅವರಿಗೆ" ಎಂದರು. ಅಪ್ಪ ಅವರ ಮುಖ ನೋಡಲಿಲ್ಲ, ನನ್ನ ಮುಖವನ್ನಂತೂ ನೋಡುವ ಹಾಗೇ ಇರಲಿಲ್ಲ. ನಮ್ಮಲ್ಲಿ ನೆರೆದವಳ ಮುಖವನ್ನು ಗಂಡಸರು ಅವತ್ತು ನೋಡಬಾರದು, ತಂದೆಯಾದರೂ ಸರಿ. "ಅದು ಹೆಂಗಸ್ರ ವಿಸ್ಯ ಟೀಚರಮ್ಮ. ನಾವು ಬಾಯಿ ಹಾಕ್ಬಾರ್ದು" ಎಂದು ಗಾಡಿ ಕಟ್ಟಲು ಹೋದ. ಇಡೀ ಊರಿನಲ್ಲಿ ಆ ಬೆಂಚು ಒದ್ದೆ ಇತ್ತು ಎಂದು ಕಣ್ಣಾರೆ ಕಂಡವನು ಅವನೊಬ್ಬ.

ಮನೆಯಲ್ಲಿ ನನ್ನನ್ನು ಒಳಗೆ ಬಿಡಲಿಲ್ಲ, ಹಿತ್ತಲಿನ ಕಡೆ ಕೂರಿಸಿದರು. ಅವ್ವ ಓಡಿ ಬಂದು ಮಾರು ದೂರದಲ್ಲಿ ನಿಂತಳು, ಮುಟ್ಟುವಂತಿಲ್ಲವಲ್ಲ. "ಅವ್ವ, ನೀನಾದ್ರೂ ಕೇಳವ್ವ. ಎಳನೀರು ಕಣವ್ವ. ಅಪ್ಪನೇ ಒರೆಸಿ ಕೂರ್ಸಿದ್ದು" ಎಂದು ಬಿಕ್ಕಿಬಿಕ್ಕಿ ಹೇಳಿದೆ. ಅವ್ವ ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. "ಇರು ಮಗ, ನೋಡನ" ಎಂದಳು. ಆ 'ನೋಡನ' ಎನ್ನುವ ಮಾತನ್ನು ಹಿಡಿದುಕೊಂಡು ಬೆಳಗಾಗುವುದನ್ನೇ ಕಾದೆ.

ನೆರೆದಾಗ ಮೈಮೇಲಿದ್ದ ಬಟ್ಟೆ ಅಗಸಗಿತ್ತಿಗೆ ಸೇರಬೇಕು, ಅದು ವಾಡಿಕೆ. ಅವ್ವ ಕೊಡಲಿಲ್ಲ. "ಧಾರೆ ಸೀರೆ, ಬೇರೆ ಕೊಡ್ತೀನಿ, ಇದ್ನ ನಾನೇ ಒಗ್ಕೊತೀನಿ" ಎಂದು ಬೆಳಿಗ್ಗೆ ಒಗೆಯುವ ಕಲ್ಲಿನ ಹತ್ತಿರ ತೆಗೆದುಕೊಂಡು ಹೋದಳು. ಅಷ್ಟು ಹೊತ್ತಿಗೆ ಸೋದರಮಾವ ಹಸಿ ಸೋಗೆ ಕಡಿದು ತಂದು ಹಿತ್ತಲಿನಲ್ಲಿ ನನಗೆ ಗುಡ್ಲು ಹಾಕಿದ್ದ. ಅದರ ಸಂದಿಯಿಂದ ಅವ್ವ ಕಾಣುತ್ತಿದ್ದಳು. ಉಜ್ಜಿದಳು, ಬಡಿದಳು, ಎತ್ತಿ ಬಿಸಿಲಿಗೆ ಹಿಡಿದಳು, ಮತ್ತೆ ಉಜ್ಜಿದಳು. ಆಮೇಲೆ ಬಕೀಟಿನಿಂದ ಇನ್ನೊಂದು ಬಟ್ಟೆ ತೆಗೆದು, ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದು ಎರಡನ್ನೂ ಮತ್ತೆ ಮತ್ತೆ ನೋಡಿದಳು. "ಅವ್ವಾ" ಎಂದು ಕೂಗಿದೆ. ಗುಡ್ಲಿನ ಕಡೆ ತಿರುಗಿದಳು. ಏನೋ ಹೇಳುತ್ತಾಳೆ ಎಂದುಕೊಂಡೆ. "ಸುಮ್ಕಿರು ಮಗ" ಎಂದು ಎರಡನ್ನೂ ಹಿಂಡಿ ಹರವಿದಳು.

ಹನ್ನೊಂದು ದಿನ ಗುಡ್ಲಿನಲ್ಲಿ ಕೂತೆ. ನನ್ನ ಮೈಯಲ್ಲಿ ಏನೂ ಆಗಿರಲಿಲ್ಲ. ಎರಡನೇ ದಿನವೂ ಇಲ್ಲ, ಮೂರನೇ ದಿನವೂ ಇಲ್ಲ. "ಕೆಲವ್ರಿಗೆ ಮೊದ್ಲು ಹಂಗೇಯ" ಎಂದಿತು ಅಜ್ಜಿ. ದಿನವೂ ಕೊಬ್ಬರಿ, ಬೆಲ್ಲ, ತುಪ್ಪ. ಆರತಿಯ ದಿನ ಹಸಿರು ಸೀರೆ ಉಡಿಸಿ, ಮಡಿಲು ತುಂಬಿ, ಹಸೆಯ ಮೇಲೆ ಕೂರಿಸಿ, ಊರಿನ ಮುತ್ತೈದೆಯರೆಲ್ಲ ಒಬ್ಬೊಬ್ಬರಾಗಿ ಬಂದು ಎಳ್ಳು ಬೆಲ್ಲ ಕುಟ್ಟಿ ಕಟ್ಟಿದ ಚಿಗಳಿಯನ್ನು ಬಾಯಿಗೆ ತುರುಕಿದರು. ಸಂಕ್ರಾಂತಿಯಲ್ಲಿ ಮುಟ್ಟದ ಎಳ್ಳನ್ನು ಅವತ್ತು ಮೂಗಿನವರೆಗೆ ತಿಂದೆ. ಹದಿನೈದು ದಿನದಲ್ಲಿ ಎರಡು ವೇಷ. ಶಾರದೆಯ ವೇಷ ಕಳಚಿ ನೆರೆದವಳ ವೇಷ ಹಾಕಿಸಿದ್ದರು. ಮೊದಲನೆಯದಾದರೂ ನಾಟಕ ಎಂದು ಎಲ್ಲರಿಗೂ ಗೊತ್ತಿತ್ತು.

ಪರೀಕ್ಷೆಗೆ ಹತ್ತು ದಿನ ಇದೆ ಎನ್ನುವಾಗ ಟೀಚರಮ್ಮ ಮನೆಗೆ ಬಂದರು. "ಹೈಸ್ಕೂಲಿನ ಮಾತು ಬಿಡಿ. ಏಳನೇದರ ಪರೀಕ್ಷೆಯೊಂದಾದ್ರೂ ಬರೀಲಿ. ನಾನೇ ಕರಕೊಂಡು ಹೋಗಿ ಕರಕೊಂಡು ಬರ್ತೀನಿ" ಎಂದರು. "ಬರ್ದು ಏನ್ ಆಗ್ಬೇಕು ಟೀಚರಮ್ಮ? ಮೊದ್ಲೇ ಒಪ್ಪಿ ಆಗಿತ್ತಲ್ಲ ಮಾತು" ಎಂದಿತು ಅಜ್ಜಿ. ಅಪ್ಪ ತೋಟಕ್ಕೆ ಹೊರಟ. ಟೀಚರಮ್ಮ ಅವ್ವನ ಕಡೆ ತಿರುಗಿ, "ನೀವಾದ್ರೂ ಹೇಳಿ" ಎಂದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಮುದ್ದೆ ಕೋಲು ಹಿಡಿದು ಅತ್ತೆಗೆ ಎದುರಾಡಿದ ಅವ್ವ, ಅವತ್ತು ಅರಿಶಿನ ಕುಂಕುಮದ ಬಟ್ಟಲು ತಂದಳು. "ಕುಂಕುಮ ಇಟ್ಕೊಳ್ಳಿ" ಎಂದಳು. ಟೀಚರಮ್ಮ ಇಟ್ಟುಕೊಂಡು ಹೋದರು. ಮುಂದಿನ ವರ್ಷ ಅವರಿಗೆ ವರ್ಗವಾಯಿತು.

ನಿಜವಾಗಿ ನಾನು ನೆರೆದದ್ದು ಅದಾಗಿ ಎಷ್ಟೋ ತಿಂಗಳ ಮೇಲೆ, ರಾಗಿ ಕುಯ್ಲಿನ ಕಾಲದಲ್ಲಿ, ಹೊಲದಲ್ಲಿ. ಅಷ್ಟು ದಿನವೂ ತಿಂಗಳಿಗೊಮ್ಮೆ ಹೊರಗೆ ಕೂರುವ ಸುಳ್ಳನ್ನೂ ಮಾಡಿದ್ದೆ, ಅಜ್ಜಿ ಲೆಕ್ಕ ಇಡುತ್ತಿತ್ತು. ಅವತ್ತು ಕುಡುಗೋಲು ಬಿಸಾಕಿ ಅವ್ವನ ಹತ್ತಿರ ಹೋಗಿ, "ಅವ್ವ, ಇದು ಮೊದ್ಲನೇದು" ಎಂದೆ. "ಮೆಲ್ಗೆ ಮಾತಾಡೇ" ಎಂದು ಸುತ್ತ ನೋಡಿದಳು. ತನ್ನ ಸೆರಗಿನ ತುದಿ ಹರಿದು ಕೊಟ್ಟಳು. ಆರತಿಯಿಲ್ಲ, ಗುಡ್ಲಿಲ್ಲ. ಸಂಜೆಯವರೆಗೂ ರಾಗಿ ಕುಯ್ದೆ.

ಹದಿನೇಳಕ್ಕೆ ತಿಪಟೂರಿಗೆ ಮದುವೆಯಾಗಿ ಬಂದೆ. ಗಂಡ ಒಳ್ಳೆಯವನು, ಅದರ ಬಗ್ಗೆ ದೂರಿಲ್ಲ. ಎಂಬತ್ತರ ದಶಕದ ಮಧ್ಯದಲ್ಲಿ ನನ್ನ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ, ರಾಜ್ಯೋತ್ಸವಕ್ಕೆ ಕಳಶ ಹಿಡಿದು ಮೆರವಣಿಗೆಯಲ್ಲಿ ನಡೆಯುವ ಹುಡುಗಿಯರಿಗೆ ಕೆಂಪಂಚಿನ ಬಿಳಿ ಸೀರೆ ಉಡಿಸಿ ಕಳಿಸಿ ಎಂದು ಶಾಲೆಯಿಂದ ಹೇಳಿಕಳಿಸಿದರು. ತಿಪಟೂರಿನ ಅಂಗಡಿಗಳಲ್ಲಿ ಬಿಳಿ ಸೀರೆಗೇನು ಬರ? ಆದರೂ ನಾನು ಅವ್ವನಿಗೆ ಕಾಗದ ಬರೆದೆ, ಧಾರೆ ಸೀರೆ ತಗೊಂಡು ಬಾ ಎಂದು. ಬೇಕೆಂದೇ ಬರೆದೆನೋ ಏನೋ. ಅಜ್ಜಿ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು.

ಅವ್ವ ಬಸ್ಸಿಳಿದು ಬಂದಳು. ಬೆಳಿಗ್ಗೆ ಮಗಳನ್ನು ನಡುಮನೆಯಲ್ಲಿ ನಿಲ್ಲಿಸಿಕೊಂಡು ಸೀರೆ ಬಿಚ್ಚಿದಳು. ಅದೇ ಬೇವಿನೆಲೆಯ ವಾಸನೆ. ನಾನು ಬಾಯಲ್ಲಿ ಪಿನ್ನುಗಳನ್ನು ಕಚ್ಚಿಕೊಂಡು ಪಕ್ಕದಲ್ಲಿದ್ದೆ. ಮಗಳು ಸೀರೆಯ ಒಂದು ಕಡೆ ಬೆರಳಿಟ್ಟು, "ಅಜ್ಜಿ, ಇದ್ರ ಮೇಲೆ ಯಾರೋ ಎಳನೀರು ಚೆಲ್ಕೊಂಡಿದಾರೆ" ಎಂದಳು.

ಎಂಟು ವರ್ಷದ ಮಗು. ಒಂದು ನೋಟಕ್ಕೆ ಗೊತ್ತಾಯಿತು ಅವಳಿಗೆ.

"ಹೂಂ ಕಣ್ ಮಗ. ಎಳನೀರೇ" ಎಂದಳು ಅವ್ವ. ಎಷ್ಟು ಸಲೀಸಾಗಿ ಬಂತು ಆ ಮಾತು! ಪಿನ್ನುಗಳನ್ನು ಕೈಗೆ ಉಗಿದುಕೊಂಡು, "ನಿಂಗೆ ಯಾವತ್ತಿಂದ ಗೊತ್ತು?" ಎಂದೆ.

ಅವ್ವ ನೆರಿಗೆ ಹಿಡಿಯುತ್ತಲೇ ಇದ್ದಳು. "ಒಗೆದ ದಿವ್ಸದಿಂದ. ನಿಮ್ಮಪ್ಪನ ಟವಲೂ ಅದೇ ಬಕೀಟಲ್ಲಿತ್ತು. ಎರಡ್ರಲ್ಲೂ ಒಂದೇ ಕಲೆ. ರಕ್ತ ಆಗಿದ್ರೆ ತಣ್ಣೀರಲ್ಲೇ ಬುಡ್ತಿತ್ತು."

"ಹೇಳ್ಬೌದಿತ್ತಲ್ಲ."

"ಹೇಳಿ? ಊರಿಗೆಲ್ಲ ಗೊತ್ತಾಗಿತ್ತು. ನಿಮ್ಮಾವ ಗುಡ್ಲು ಹಾಕ್ಬುಟ್ಟಿದ್ದ. ಓದ್ಸೋ ಆಸೆಗೆ ನೆರೆದ ಮಗಳನ್ನ ಬಚ್ಚಿಟ್ಟವ್ಳೆ ಅಂತ ನನ್ ಮಕಕ್ಕೆ ಉಗೀತಿದ್ರು. ನಿಮ್ಮಜ್ಜಿ ಕೇಳ್ತಿದ್ಲಾ? ನಿಮ್ಮಪ್ಪ ಕೇಳ್ತಿದ್ನಾ? ನನ್ ಮಾತು ಯಾರೇ ಕೇಳ್ತಿದ್ರು?"

"ನಾನು ಕೇಳ್ತಿದ್ದೆ" ಎಂದೆ.

ಅವ್ವ ನೆರಿಗೆ ಬಿಚ್ಚಿ ಮತ್ತೆ ಹಿಡಿದಳು. ಕಲೆಯ ಭಾಗ ಒಳಮಡಿಕೆಗೆ ಹೋಗುವ ಹಾಗೆ ಸೀರೆಯನ್ನು ತಿರುಗಿಸಿ ಸಿಕ್ಕಿಸಲು ನೋಡಿದಳು. ನಾನು ಅವಳ ಕೈಯಿಂದ ಕಿತ್ತುಕೊಂಡೆ. ಪೂರ್ತಿ ಬಿಚ್ಚಿ, ಕಲೆ ಹೊರಗೆ ಕಾಣುವ ಹಾಗೆ ನಾನೇ ಉಡಿಸಿದೆ. "ಅಮ್ಮ, ಕೊಳೆ ಕಾಣುತ್ತೆ" ಎಂದಳು ಮಗಳು. "ಕಾಣಲಿ" ಎಂದೆ. ಮಗುವಿನ ಮೇಲೆ ಹಟ ಸಾಧಿಸಿದೆನಲ್ಲ ಎಂದು ಆಮೇಲೆ ಅನ್ನಿಸಿತು, ಆದರೆ ಬಿಚ್ಚಿ ಮತ್ತೆ ಉಡಿಸಲಿಲ್ಲ.

ಶಾಲೆಯ ಗೇಟಿನ ಹತ್ತಿರ ಮಿಸ್ಸು ಹುಡುಗಿಯರನ್ನು ಸಾಲು ಮಾಡುತ್ತಿದ್ದರು. ಮಗಳ ಬೆನ್ನ ಕಡೆ ಬಗ್ಗಿ ನೋಡಿ, "ಇದೇನಮ್ಮ ಕಲೆ?" ಎಂದರು.

"ಎಳನೀರು ಮಿಸ್."

"ಹೌದಾ? ಹೋಗೋದೇ ಇಲ್ಲ ಅದು, ದರಿದ್ರದ್ದು. ಸರಿ, ನೆಟ್ಟಗೆ ನಿಂತ್ಕೊ" ಎಂದು ಅವಳ ಕೈಗೆ ಕಳಶ ಕೊಟ್ಟು ಮುಂದಿನವಳ ಹತ್ತಿರ ಹೋದರು.

ಅವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು, ಅವಳಿಗೂ ಕೇಳಿಸಿತು. ನಾನು ಅವಳ ಮುಖ ನೋಡಲಿಲ್ಲ.